ಖಾಲಾನ ನವಿಲು ಮತ್ತು ನಾನು ಆಫ್ ಮಾಡಿದ ಆಂಟಿವೈರಸ್

ಕಳೆದ ಭಾನುವಾರ ಮಧ್ಯಾಹ್ನ ನಾನೊಂದು ಸುಳ್ಳು ಹೇಳಿದೆ. ಅದೂ ಎಪ್ಪತ್ತು ದಾಟಿದ ಹೆಂಗಸಿಗೆ, ನನ್ನದೇ ಮನೆಯ ಬಾಗಿಲಲ್ಲಿ ನಿಂತು.

"ಇವತ್ತ ಕರೆಂಟ್ ಇಲ್ರೀ ಖಾಲಾ, ಕಂಪ್ಯೂಟರ್ ಚಾಲೂ ಆಗಂಗಿಲ್ಲ" ಎಂದೆ.

ಹಿಂದೆ ಫ್ಯಾನ್ ಗರಗರ ತಿರುಗುತ್ತಿತ್ತು. ಅದು ಕಾಣಬಾರದೆಂದು ಬಾಗಿಲನ್ನು ಅರ್ಧಕ್ಕೆ ಎಳೆದುಕೊಂಡಿದ್ದೆ. ಬಿಸಿಲಲ್ಲಿ ನಡೆದು ಬಂದವರನ್ನು ಒಳಗೆ ಕರೆದು ಒಂದು ಲೋಟ ನೀರೂ ಕೊಡಲಿಲ್ಲ. ಮುಂದಿನ ವಾರ ಬರುತ್ತೇನೆ ಬಿಡವ್ವಾ ಎಂದು ಅವರು ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಟುಹೋದರು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು.

ಕರೆಂಟ್ ಇತ್ತು. ಕಂಪ್ಯೂಟರೂ ಚಾಲೂ ಇತ್ತು. ಇಲ್ಲದ್ದೆಂದರೆ ಖಾಲಾ ಒಂದೂವರೆ ವರ್ಷ ಕೂತು ಬರೆಸಿದ್ದ ಒಂಬತ್ತು ಫೈಲುಗಳು.

ಜುಬೇದಾ ಖಾಲಾ ನಮ್ಮ ಹಿಂದಿನ ಓಣಿಯವರು. (ನವಲಗುಂದದ ಅರ್ಧ ಊರಿಗೆ ಅವರು ಖಾಲಾನೇ, ಅಂದರೆ ಚಿಕ್ಕಮ್ಮನೇ; ನನಗೂ.) ಜಮಖಾನ ನೇಯುವ ಮನೆತನ. ನಮ್ಮೂರ ಜಮಖಾನದ ಮೇಲಿನ ನವಿಲು, ಪಗಡೆ ಹಾಸು ಎಲ್ಲ ನೀವೂ ನೋಡಿರುತ್ತೀರಿ. ಆ ವಿನ್ಯಾಸಗಳು ಕಾಗದದ ಮೇಲೆ ಇರುವುದಿಲ್ಲ, ನೇಯುವ ಹೆಂಗಸರ ತಲೆಯಲ್ಲಿರುತ್ತವೆ, ಒಂದೊಂದು ಮನೆಯದೂ ಬೇರೆ. ಕೆಂಪು ಎಂಟು ಎಳೆ, ಕಪ್ಪು ಎರಡು, ಬಿಳಿ ಒಂದು, ಮತ್ತೆ ಕೆಂಪು ನಾಲ್ಕು. ಹೀಗೆ ನೂರಾರು ಸಾಲು. ಮಗ್ಗಿ ಒಪ್ಪಿಸುವ ಹಾಗೆ ಹೇಳುತ್ತಾರೆ.

ಖಾಲಾನ ಮನೆಯಲ್ಲಿ ಒಂದು ಕಟ್ಟಳೆ. ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು. ಮಗಳು ಇನ್ನೊಂದು ಮನೆ ಸೇರುವವಳು, ಅವಳ ಬೆನ್ನಿಗೆ ನವಿಲೂ ಹೋಗಿಬಿಡುತ್ತದೆ ಎಂಬ ಹೆದರಿಕೆ. (ನಗಬೇಡಿ. ನಮ್ಮತ್ತೆ ಕೆಂಪು ಚಟ್ನಿಯ ಅಳತೆಯನ್ನು ನೆರೆಯವರಿಗೆ ಎಂದಾದರೂ ಪೂರ್ತಿ ಹೇಳಿದ್ದರೆ ಕೇಳಿ.) ಕಟ್ಟಳೆಯೇನೋ ಸರಿ. ಆದರೆ ಖಾಲಾನಿಗೆ ಗಂಡುಮಕ್ಕಳಿಲ್ಲ. ಅಂದಮೇಲೆ ಸೊಸೆ ಎಲ್ಲಿಂದ ಬರಬೇಕು? ಇರುವವಳು ಒಬ್ಬಳೇ ಮಗಳು, ಶಮೀಮ್. ಅಣ್ಣಿಗೇರಿಗೆ ಕೊಟ್ಟಿದ್ದಾರೆ.

ಹೈಸ್ಕೂಲ್ ಟೀಚರಾದ ನನ್ನ ಮನೆಯಲ್ಲಿ ಕಂಪ್ಯೂಟರ್ ಇದೆಯೆಂದು ತಿಳಿದು ಒಂದು ದಿನ ಅವರೇ ಬಂದರು. ಬಂದು ಹೇಳಿದ ಮಾತು ನನಗಿನ್ನೂ ನೆನಪಿದೆ: "ಮಗಳಿಗೆ ಕಲಸಬಾರದು ಅಂತ ಐತಿ. ಕಂಪ್ಯೂಟರಿಗೆ ಕಲಸಬಾರದು ಅಂತ ಯಾರೂ ಹೇಳಿಲ್ಲಲ್ಲವಾ."

ಸುಪ್ರೀಂ ಕೋರ್ಟಿನ ವಕೀಲರಿಗೂ ಇಂಥ ಸಂದು ಸಿಗಲಿಕ್ಕಿಲ್ಲ.

ಅಂದಿನಿಂದ ಪ್ರತಿ ಭಾನುವಾರ ನಮ್ಮಿಬ್ಬರ ಕೆಲಸ ಅದೇ. ಅವರು ಹೇಳುವುದು, ನಾನು ಎಕ್ಸೆಲ್‌ನ ಒಂದೊಂದು ಚೌಕಕ್ಕೆ ಬಣ್ಣ ತುಂಬುವುದು. ಒಂದು ವಿನ್ಯಾಸಕ್ಕೆ ಒಂದು ಫೈಲು. ಮೊದಮೊದಲು ಅವರ ವೇಗಕ್ಕೆ ನನ್ನ ಕೈ ಸಾಲುತ್ತಿರಲಿಲ್ಲ. ಈ ಬೇಸಿಗೆಯಿಂದ ಅವರು ನಡುವೆ ನಿಲ್ಲತೊಡಗಿದರು. ಕಪ್ಪು ಎರಡೋ ಮೂರೋ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಒಮ್ಮೆ ಹೇಳಿದ ಸಾಲನ್ನೇ ಮತ್ತೆ ಹೇಳಿ, ಹೇಳಿದ್ದೇ ಗೊತ್ತಿಲ್ಲದೆ ಮುಂದಕ್ಕೆ ಹೋದರು. ಅವರಿಗೆ ತಿಳಿಯದ ಹಾಗೆ ನಾನು ತಿದ್ದಿಕೊಂಡೆ. ಅಂದರೆ ಆ ಒಂಬತ್ತು ಫೈಲುಗಳು ಹೋದರೆ ಇನ್ನೊಮ್ಮೆ ಬರೆಸುವವರು ಇಲ್ಲ. ಬಾಗಿಲಲ್ಲಿ ನಿಂತು ಸುಳ್ಳು ಹೇಳಿದ್ದು ಅದಕ್ಕೇ.

ಹೋದದ್ದು ಹೇಗೆ? ನನ್ನ ಕೈಯಿಂದಲೇ.

ನಮ್ಮ ಶಾಲೆಯ ಸ್ನೇಹ ಸಮ್ಮೇಳನದ ಆಮಂತ್ರಣ ಪತ್ರಿಕೆಗೆ ಹೆಡ್‌ಮಾಸ್ತರರಿಗೆ ಚಂದದ ಕನ್ನಡ ಅಕ್ಷರ ಬೇಕಿತ್ತು. ಪ್ರಿಂಟಿಂಗ್ ಅಂಗಡಿಯವರು ಫಾಂಟುಗಳು ಇರುವ ಪೆನ್‌ಡ್ರೈವ್ ಕೊಟ್ಟರು. ಜೊತೆಗೆ ಒಂದು ಬುದ್ಧಿಮಾತನ್ನೂ ಕೊಟ್ಟರು: ಆಂಟಿವೈರಸ್ ಬಂದ್ ಮಾಡಿ ಹಾಕಿಕೊಳ್ಳಿ, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ.

ಇದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ನಿಮ್ಮ ಕಡೆಯೂ ಹೇಳುತ್ತಾರೆ, ಹೌದಲ್ಲವೇ? ಕನ್ನಡ ಟೈಪ್ ಮಾಡಬೇಕೇ, ಆಂಟಿವೈರಸ್ ಬಂದ್ ಮಾಡಿ. ಪ್ರಿಂಟರ್ ಹತ್ತುತ್ತಿಲ್ಲವೇ, ಬಂದ್ ಮಾಡಿ. ಪುಕ್ಕಟೆ ಸಾಫ್ಟ್‌ವೇರ್ ಬೇಕೇ, ಮೊದಲು ಬಂದ್ ಮಾಡಿ. ಮನೆಯ ನಾಯಿ ಬೊಗಳಿತು ಎಂದು ನಾಯಿಯನ್ನೇ ಕಟ್ಟಿಹಾಕಿ, ಬಂದವನಿಗೆ ಬಾಗಿಲು ತೆರೆದು ಚಹಾ ಕೊಡುವ ಜನ ನಾವು.

ಆ ಪೆನ್‌ಡ್ರೈವಾದರೂ ಎಂಥದ್ದು? ಊರಿನ ಲಗ್ನಪತ್ರಿಕೆಗಳು, ಪುಢಾರಿಗಳ ಹುಟ್ಟುಹಬ್ಬದ ಬ್ಯಾನರುಗಳು, ಮಕ್ಕಳ ಪ್ರಾಜೆಕ್ಟುಗಳು, ಎಲ್ಲವೂ ಅದರಲ್ಲೇ ಓಡಾಡಿದ್ದವು. ಅದನ್ನು ಚುಚ್ಚಿದ ಕೂಡಲೇ ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ಎದ್ದಿತು. ಅಪಾಯ, ಅಪಾಯ ಎಂದು ಹೊಡೆದುಕೊಂಡಿತು. ನಮ್ಮ ಮನೆಯವರು ಪೇಪರಿನಿಂದ ತಲೆಯೆತ್ತದೆ, "ಅದು ಹಂಗ ಒದರತೈತಿ, ಬಂದ್ ಮಾಡು" ಎಂದರು. ಮಾಡಿದೆ. ಫಾಂಟು ಬಂತು. ಆಮಂತ್ರಣವೂ ಚಂದ ಬಂತು. ಮತ್ತೆ ಆನ್ ಮಾಡಬೇಕೆಂಬುದು ಮಾತ್ರ ಮರೆತುಹೋಯಿತು.

ನಾಲ್ಕನೆಯ ದಿನ, ಅದೇ ಭಾನುವಾರ ಬೆಳಿಗ್ಗೆ, ನೋಡುತ್ತೇನೆ, ಖಾಲಾನ ಫೋಲ್ಡರಿನಲ್ಲಿ ಹೆಸರುಗಳಿವೆ, ಒಳಗೆ ಏನೂ ಇಲ್ಲ. ನವಿಲು ಎಂದು ಬರೆದದ್ದನ್ನು ಒತ್ತಿದರೆ ಕರಿಯ ಕಿಟಕಿಯೊಂದು ಮಿಂಚಿ ಮಾಯವಾಗುತ್ತಿತ್ತು. ಒಂಬತ್ತೂ ಹಾಗೆಯೇ. ಇನ್ನೊಂದು ಪ್ರತಿ ಎಲ್ಲಿದೆ ಎಂದು ಕೇಳುತ್ತೀರಾ? ಕೇಳಬೇಡಿ. ಮಕ್ಕಳಿಗೆ ಪಾಠ ಹೇಳುವವಳು ನಾನು, ಒಂದೇ ಒಂದು ಪ್ರತಿ ಮಾಡಿಟ್ಟಿರಲಿಲ್ಲ.

ಸೋಮವಾರ ರಜೆ ಹಾಕಿದೆ. ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿ ಬಸ್ ಹತ್ತಿದೆ. ಪ್ರತಿ ರೋಡ್ ಹಂಪ್‌ಗೂ ಜೀವ ಬಾಯಿಗೆ ಬರುತ್ತಿತ್ತು. ರಿಪೇರಿಯವರು ಇಟ್ಟು ಹೋಗಿ ಎಂದರು, ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಿಲ್ಲ. ಎರಡು ದಿನ ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ಗೊತ್ತಿಲ್ಲ. ಖಾಲಾನ ಓಣಿ ತಪ್ಪಿಸಿ ಸುತ್ತು ಹಾಕಿ ಮನೆಗೆ ಬಂದೆ.

ಬುಧವಾರ ಫೋನ್ ಬಂತು. ಆ ವೈರಸ್ ಫೈಲುಗಳನ್ನು ಅಳಿಸಿರಲಿಲ್ಲ, ಬಚ್ಚಿಟ್ಟು ಅದೇ ಹೆಸರಿನ ಸುಳ್ಳು ಫೈಲುಗಳನ್ನು ಮುಂದೆ ಇಟ್ಟಿತ್ತು. ಒಂಬತ್ತೂ ಸಿಕ್ಕಿವೆ ಎಂದರು. ಶಾಲೆ ಬಿಟ್ಟ ಕೂಡಲೇ ಹುಬ್ಬಳ್ಳಿ ಬಸ್ ಹತ್ತಿದೆ. ಅಂಗಡಿಯಲ್ಲೇ ಅತ್ತುಬಿಟ್ಟೆ. ಸಂಕೋಚವೇನೂ ಆಗಲಿಲ್ಲ.

ಕಣ್ಣೊರೆಸಿಕೊಂಡು, ಹಾಗಾದರೆ ಮನೆಯ ಕಂಪ್ಯೂಟರಿಗೂ ದುಡ್ಡು ಕೊಟ್ಟು ಆಂಟಿವೈರಸ್ ತಗೋಬೇಕೇನ್ರಿ ಎಂದು ಕೇಳಿದೆ. ನೀವೂ ಕೇಳಬೇಕೆಂದಿರುವ ಪ್ರಶ್ನೆ ಅದೇ ಅಲ್ಲವೇ?

"ಕಂಪ್ಯೂಟರ್ ಜೋಡಿ ಬಂದದ್ದ ಸಾಕ್ರೀ ಮೇಡಂ" ಎಂದರು ಅವರು. "ಅದು ಬ್ಯಾಡ ಅಂದ್ರೂ ನೀವ ಬಾಗಲಾ ತಗದು ಕೊಟ್ಟೀರಿ. ಎಂಥಾದ್ದ ಹಾಕಿದ್ರೂ ಬಂದ್ ಮಾಡೋ ಕೈ ನಿಮ್ಮದ ಅಲ್ಲೇನ್ರಿ."

ಅಪ್‌ಡೇಟ್ ಕೇಳಿದಾಗ ಆಮೇಲೆ ಎನ್ನಬೇಡಿ, ಸಿಕ್ಕವರ ಪೆನ್‌ಡ್ರೈವ್ ಚುಚ್ಚಬೇಡಿ, ಬೇಕಾದದ್ದರ ಇನ್ನೊಂದು ಪ್ರತಿ ಬೇರೆ ಕಡೆ ಇಡಿ ಎಂದೂ ಹೇಳಿದರು. ಅಷ್ಟೇ. ಅವತ್ತೇ ಎರಡು ಪ್ರತಿ ಮಾಡಿಸಿದೆ.

ಗುರುವಾರ ಸಂಜೆ ಶಾಲೆ ಬಿಟ್ಟವಳು ನೇರ ಖಾಲಾನ ಮನೆಗೆ ಹೋಗಿ, ಕೈಹಿಡಿದು ಕರೆದುಕೊಂಡು ಬಂದೆ. ಎಲ್ಲ ಹೇಳಿದೆ, ಕರೆಂಟಿನ ಸುಳ್ಳನ್ನೂ ಸೇರಿಸಿ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ನವಿಲನ್ನು ಓದು ಎಂದರು.

ಓದಿದೆ. ಅವರು ಕಣ್ಣುಮುಚ್ಚಿ ಕೇಳಿದರು. ಮುಗಿದ ಮೇಲೆ ಒಂದು ಸಾಲು ಸರಿ ಇಲ್ಲ ಎಂದರು.

ವೈರಸ್ ಒಳಗೂ ಕೈಯಾಡಿಸಿದೆಯೇ? ರಿಪೇರಿಯವರು ನೋಡಲೇ ಇಲ್ಲವೇ? ಗಾಬರಿಯಲ್ಲಿ ಏನೇನೋ ಒತ್ತುತ್ತಿದ್ದೆ. ಖಾಲಾ ನನ್ನ ಕೈ ಹಿಡಿದು ನಿಲ್ಲಿಸಿದರು.

"ನಿನ್ನ ಮಷಿನ್ ಏನೂ ಮಾಡಿಲ್ಲವಾ, ನಾನ ಮಾಡೀನಿ. ಎಲ್ಲಾದರಾಗೂ ಒಂದೊಂದು ಸಾಲು ಸುಳ್ಳ ಹೇಳೀನಿ. ಪೂರಾ ಯಾರ ಕೈಯಾಗೂ ಕೊಡಬ್ಯಾಡಂತ ನಮ್ಮ ಅತ್ತಿ ಹೇಳಿದ್ರು. ಕಡೀಕ ಖರೇದು ಹೇಳಿದ್ರಾತು ಅಂತ ಮಾಡಿದ್ನಿ."

ಆಗಲಿ, ಈಗ ಹೇಳಿಬಿಡಿ ಎಂದೆ. ಯಾವ ಸಾಲು?

ಅವರು ಪರದೆ ನೋಡಿದರು. ಮತ್ತೆ ಓದಿಸಿದರು. ಮೂರನೆಯ ಸಲವೂ ಓದಿಸಿದರು. ಆಮೇಲೆ ನನ್ನ ಮುಖ ನೋಡಿದರು. ಸುಳ್ಳು ಸಾಲು ಯಾವುದೆಂದು ಅವರಿಗೂ ಗೊತ್ತಾಗುತ್ತಿರಲಿಲ್ಲ.

ನನ್ನಂಥವಳ ಕಣ್ಣಿಗೆ ಸಿಗುವ ಸುಳ್ಳಲ್ಲ ಅದು. ಹೋಲಿಸಿ ನೋಡಲು ಮನೆಯಲ್ಲಿ ಒಂದು ಹಳೆಯ ಜಮಖಾನವೂ ಇಲ್ಲವಂತೆ, ನೇಯ್ದದ್ದೆಲ್ಲ ಮಾರಿದ್ದಾರೆ. ಮಗ್ಗದ ಮುಂದೆ ಕೂತು ನೇಯ್ದರೆ ತಪ್ಪು ಸಾಲಿಗೆ ಕೈ ತಾನಾಗಿ ತಡೆಯಬಹುದು ಎಂದರು ಖಾಲಾ. ಆದರೆ ಪಕ್ಕದಲ್ಲಿ ಎಳೆ ಗೊತ್ತಿರುವವರು ಇನ್ನೊಬ್ಬರು ಕೂರಬೇಕು. ನನಗೆ ಸೂಜಿಗೆ ದಾರ ಪೋಣಿಸಲೂ ಎರಡು ಕನ್ನಡಕ ಬೇಕು.

ಶಮೀಮಳನ್ನು ಕರೆಸೋಣ ಎಂದೆ. ಅದೇ ಮಗ್ಗದ ಕೆಳಗೆ ಆಡಿ ಬೆಳೆದವಳು, ನೂಲಿನ ಉಂಡೆ ಸುತ್ತಿಕೊಟ್ಟವಳು. ಅಣ್ಣಿಗೇರಿ ಎಷ್ಟು ದೂರ? ಫೋನ್ ಮಾಡಿದರೆ ನಾಳೆಯೇ ಬರುತ್ತಾಳೆ. ಇವತ್ತು ನೆನಪಿರುವುದು ಬರುವ ತಿಂಗಳಿಗೆ ಇರುತ್ತದೆಯೋ ಇಲ್ಲವೋ ಎಂಬ ಮಾತನ್ನು ಮಾತ್ರ ನುಂಗಿಕೊಂಡೆ.

ಖಾಲಾನ ಬೆರಳುಗಳು ಸೀರೆಯ ಅಂಚನ್ನು ಎಣಿಸುತ್ತಿದ್ದವು. ಕಡೆಗೆ ಮೆಲ್ಲಗೆ ಅಂದರು:

"ಆಕಿ ಮಗಳಲ್ಲೇನವಾ."

ಎದ್ದು ಹೋದರು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು. ಈ ಭಾನುವಾರ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಶಮೀಮಳ ನಂಬರ್ ನನ್ನ ಫೋನಿನಲ್ಲಿದೆ. ಎರಡು ದಿನದಿಂದ ತೆಗೆದು ನೋಡುತ್ತೇನೆ, ಇಡುತ್ತೇನೆ. ಅವರನ್ನು ಕೇಳದೆ ಒತ್ತಲು ಧೈರ್ಯ ಸಾಲದು, ಒತ್ತದೆ ಬಿಡಲು ಮನಸ್ಸು ಒಪ್ಪದು.

ನನ್ನ ಕಂಪ್ಯೂಟರಿನ ಆಂಟಿವೈರಸ್ ಆನ್ ಮಾಡುವುದೇನೋ ಈಗ ನನಗೆ ಬರುತ್ತದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳನ್ನೇ ವೈರಸ್ ಎಂದು ಹೊಸ್ತಿಲಲ್ಲಿ ತಡೆದು ನಿಲ್ಲಿಸಿರುವ ಇನ್ನೊಂದನ್ನು ಆಫ್ ಮಾಡುವುದು ಹೇಗೆಂದು ನಿಮಗೇನಾದರೂ ಗೊತ್ತೇ?