ಮೊಣಕಾಲಿನವರೆಗಿನ ಬೂಟು

ನನ್ನ ಹಳೆಯ ರಬ್ಬರ್ ಬೂಟು ಪಾದದ ಗಂಟಿನವರೆಗಷ್ಟೇ ಬರುತ್ತಿತ್ತು. ಹಿಮ್ಮಡಿ ಸೀಳಿ ಕಾಲುವೆಯ ನೀರೆಲ್ಲ ಒಳಗೆ ಸೇರುತ್ತಿತ್ತು. ಕೊನೆಗೆ ಸವದತ್ತಿಯ ಅಂಗಡಿಯೊಂದರಲ್ಲಿ ಮೊಣಕಾಲಿನವರೆಗೆ ಬರುವ ದಪ್ಪನೆಯ ಜೋಡಿ ಕೊಂಡೆ. ಮರುದಿನ ಬೆಳಿಗ್ಗೆ ಅದನ್ನು ಹಾಕಿಕೊಂಡೇ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಸುಲಿಯಲು ಹೋದೆ. ಪಕ್ಕದ ಸಾಲಿನಲ್ಲಿ ನಮ್ಮತ್ತೆ ಸುಲಿಯುತ್ತಿದ್ದರು.

ಕಾಲ ಬುಡದಲ್ಲಿ ಕುಕ್ಕರಿನಿಂದ ಹಬೆ ಹೊರಟಂಥ ಸದ್ದಾಯಿತು. ಬಗ್ಗಿ ನೋಡುವಷ್ಟರಲ್ಲಿ ಯಾರೋ ಮೀನಖಂಡಕ್ಕೆ ಕೋಲಿನಿಂದ ಕುಟ್ಟಿದಂತಾಯಿತು. ದಪ್ಪನೆಯ ಕೊಳಕುಮಂಡಲವೊಂದು ರವದಿಯೊಳಗೆ ಸರಿದುಹೋಯಿತು.

"ಅತ್ತೀ, ಹಾವು ಕಡೀತ್ರಿ!" ಎಂದು ಚೀರಿದೆ.

ಅತ್ತೆ ಓಡಿಬಂದು ನನ್ನನ್ನು ದೂರಕ್ಕೆ ಎಳೆದು ಕೂರಿಸಿದರು. "ಅಲಗಾಡಬ್ಯಾಡ. ಉರಿಯಾಕ ಹತ್ತೇತೇನ?"

"ಗೊತ್ತಾಗವಲ್ತರಿ," ಎಂದೆ. ಭಯಕ್ಕೆ ಕಾಲು ಇದೆಯೋ ಇಲ್ಲವೋ ಎನ್ನುವಂತಾಗಿತ್ತು.

"ಗಾಡಿ ತಗೊಂಬಾರೋ!" ಎಂದು ಅವರು ಬದುವಿನಾಚೆ ಇದ್ದ ತಮ್ಮ ಮಗನನ್ನು ಕೂಗಿ ಕರೆಯುತ್ತಲೇ ಬೂಟು ಎಳೆದರು. ಹೊಸದಾದ್ದರಿಂದ ಅದು ಬಿಗಿಯಾಗಿ ಕಚ್ಚಿಕೊಂಡಿತ್ತು. ಎರಡೂ ಕೈ ಹಾಕಿ ಜಗ್ಗಿದಾಗ ಕಳಚಿತು. ಕಾಲನ್ನು ಬಿಸಿಲಿಗೆ ತಿರುಗಿಸಿ ನೋಡಿದರು. ನಂಬಿಕೆ ಬಾರದೆ ಸೆರಗಿನಿಂದ ಒರೆಸಿ ಮತ್ತೆ ನೋಡಿದರು. ಗಾಯವಿರಲಿಲ್ಲ. ಬೂಟಿನ ಮೇಲೆ ಮಾತ್ರ ಎರಡು ಸಣ್ಣ ಚುಚ್ಚು, ಅದರ ಸುತ್ತ ಹಳದಿ ಪಸೆ.

"ಒಳಗ ಇಳದಿಲ್ಲ ತಂಗಿ, ಇಳದಿಲ್ಲ," ಎಂದರು.

ಆದರೂ ದವಾಖಾನೆಗೆ ಹೋದೆವು. ಸಂಜೆಯವರೆಗೆ ನೋಡಿ, ಏನೂ ಆಗಿಲ್ಲವೆಂದು ಕಳಿಸಿದರು. ಅಷ್ಟು ಹೊತ್ತೂ ಅತ್ತೆ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಂದ ಇಳಿಸಗೊಡಲಿಲ್ಲ.