ಬಾಣದ ತುದಿಯ ‘ಒಂದು’

ಮೊನ್ನೆ ಗಿಟಾರಿನ ಹಳೆಯ ತಂತಿ ಬಿಚ್ಚಿದೆ. ಬೆರಳಿಗೆ ಹತ್ತಿದ ತುಕ್ಕಿನ ವಾಸನೆ ಮೂಗಿಗೆ ಬಂದದ್ದೇ ತಡ, ಗಿಟಾರ್ ಕಲಿಸಿದ ಮೇಷ್ಟ್ರು ನೆನಪಾದರು. ಮಾಲೂರು ಸ್ಟೇಷನ್ ಹತ್ತಿರ ಒಂದೇ ಕೋಣೆಯಲ್ಲಿ ಅವರ ಪಾಠ, ಕಿಟಕಿ ತೆರೆದರೆ ಇಟ್ಟಿಗೆ ಗೂಡಿನ ಹೊಗೆ...

ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಮದುವೆಗಳಲ್ಲಿ ಅವರು ಆರ್ಕೆಸ್ಟ್ರಾದ ಗಿಟಾರಿಸ್ಟ್. ಹೆಣ್ಣು ಒಪ್ಪಿಸಿ ಕಾರು ಹತ್ತಿಸುವ ಹೊತ್ತಿಗೆ ತಾವೇ ಕಟ್ಟಿದ ಒಂದು ಧಾಟಿ ನುಡಿಸುತ್ತಿದ್ದರು. ಎಡಗೈ ನಡುಗತೊಡಗಿದ ವರ್ಷ, ಅದನ್ನು ಬರೆದಿಡು ಎಂದು ನನಗೆ ಹೇಳಿದರು. ಅವರಿಗೆ ನೊಟೇಷನ್ ಬರುತ್ತಿರಲಿಲ್ಲ, ನಾನು ಕಲಿತಿದ್ದೆ. ಫೋನಿನಲ್ಲಿ ರೆಕಾರ್ಡ್ ಮಾಡೋಣ ಅಂದರೆ, “ಬೇಡ ಕಣೋ, ನಡುಕಾನೂ ಅದ್ರಲ್ಲಿ ಉಳ್ಕೊಳ್ಳತ್ತೆ” ಅಂದರು.

ಸ್ವರಗಳೆಲ್ಲ ಸಲೀಸಾಗಿ ಕಾಗದಕ್ಕೆ ಇಳಿದವು. ಸಿಕ್ಕಿಕೊಂಡದ್ದು ಒಂದೇ ಕಡೆ. ಅಲ್ಲಿ ಅವರು ತಂತಿಯನ್ನು ಒತ್ತಿ ಪಕ್ಕಕ್ಕೆ ಎಳೆದು ಸ್ವರವನ್ನು ಮೇಲೇರಿಸುತ್ತಿದ್ದರು. ಇದಕ್ಕೆ ಬಾಗಿದ ಬಾಣ ಹಾಕಿ, ತುದಿಯಲ್ಲಿ ಎಷ್ಟು ಏರಬೇಕೆಂದು ಬರೆಯುತ್ತಾರೆ: ಸಾಮಾನ್ಯವಾಗಿ ಅರ್ಧ ಸ್ವರ, ಇಲ್ಲವೇ ಒಂದು. ಮೇಷ್ಟ್ರ ಎಳೆತ ಅರ್ಧವನ್ನು ದಾಟುತ್ತಿತ್ತು, ಒಂದನ್ನು ಮುಟ್ಟುತ್ತಿರಲಿಲ್ಲ.

“ಯಾವ್ದು ಬರೀಲಿ ಮೇಷ್ಟ್ರೇ?”

“ಎರಡೂ ಅಲ್ಲ ಕಣೋ. ಹುಡುಗಿ ಕಾರು ಹತ್ತೋ ಮುಂಚೆ ಒಂದ್ಸಲ ತಿರುಗಿ ನೋಡ್ತಾಳಲ್ಲ... ಅಷ್ಟು.”

“ಅಷ್ಟು ಅಂತ ಬರೆಯೋಕಾಗಲ್ಲ. ನೀವು ಹೊರಟಿರೋದು ಒಂದಕ್ಕೇ. ಕೈ ಸೋತಿದೆ, ಅಲ್ಲೀವರ್ಗೂ ಹೋಗ್ತಿಲ್ಲ.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು ನಾನು. ಎದುರಿನವರು ತಡವರಿಸಿದರೆ ಬಿಡುವ ಅಭ್ಯಾಸವಿರಲಿಲ್ಲ.

ಮೇಷ್ಟ್ರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆಮೇಲೆ ನಕ್ಕರು. “ಆಯ್ತು ವಕೀಲ್ ಸಾಬ್, ನೀನೇ ಗೆದ್ದೆ. ಒಂದು ಅಂತ್ಲೇ ಬರ್ಕೋ.”

ಬರೆದುಕೊಂಡೆ. ಮರುವರ್ಷ ಅವರು ತೀರಿಕೊಂಡರು...

ಮೊನ್ನೆ ಹೊಸ ತಂತಿ ಕಟ್ಟಿ, ಆ ಹಾಳೆ ಮುಂದಿಟ್ಟುಕೊಂಡು ನುಡಿಸಿದೆ. ಬರೆದಂತೆ ಒಂದಕ್ಕೇ ಏರಿಸಿದೆ. ಫೋನಿನ ಟ್ಯೂನರ್ ಸ್ವರ ಸರಿಯಿದೆ ಎಂದು ಹಸಿರು ತೋರಿಸಿತು. ಹುಡುಗಿ ಮಾತ್ರ ತಿರುಗಿ ನೋಡದೆ ಕಾರು ಹತ್ತಿ ಹೊರಟುಹೋದಳು.

ಕೈ ಸೋತಿದ್ದರಿಂದಲೇ ಅವರ ಎಳೆತ ಒಂದನ್ನು ಮುಟ್ಟಲಿಲ್ಲ ಎನ್ನಲು ನನ್ನ ಬಳಿ ಅಂದು ಯಾವ ಪುರಾವೆಯಿತ್ತು? ಕೈ ಗಟ್ಟಿಯಿದ್ದ ಕಾಲದ ಮದುವೆಗಳಲ್ಲಿ ಎಲ್ಲಿ ನಿಲ್ಲಿಸುತ್ತಿದ್ದಿರಿ ಎಂದು ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಈಗ ಮುಕ್ಕಾಲು ಎಂದು ತಿದ್ದಿದರೆ ಅದೂ ನನ್ನದೇ ಊಹೆ.

ರಬ್ಬರು ತೆಗೆದುಕೊಂಡು ‘ಒಂದು’ ಅಳಿಸಿದೆ. ಬಾಣ ಹಾಗೇ ಇದೆ. ನಾನು ತಂತಿ ಎಳೆಯುತ್ತೇನೆ... ಸಾಕು, ನಿಲ್ಸು ಅನ್ನುವವರು ಇಲ್ಲ.