ಹಿಂದಿನ ಸೀಟಿನ ಕೆಳಗಿನ ಗಾಳಿಕಿಂಡಿ

ಆ ಗಾಡಿಯ ಮಾತು ಬಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಸಿಟ್ಟು ಗಾಡಿಯ ಮೇಲಲ್ಲ, ಪಾಪ, ಅದೇನೂ ತಪ್ಪು ಮಾಡಲಿಲ್ಲ. ಸಿಟ್ಟು ಅದರ ಸುತ್ತ ನಿಂತಿದ್ದ ನಮ್ಮೆಲ್ಲರ ಮೇಲೆ. ನಾನೂ ಆ ಗುಂಪಿನಲ್ಲೇ ಇದ್ದೆ.

ನಮ್ಮ ಯಜಮಾನರಿಗೆ ಚೆನ್ನೈನ ಅಂಬತ್ತೂರಿನಲ್ಲಿ ವಾಹನಗಳ ರಬ್ಬರ್ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ಇತ್ತು. ನಾನು ವಿಮಾ ಕಚೇರಿಯೊಂದರಲ್ಲಿ ಅಧಿಕಾರಿ. ಎರಡು ಸಾವಿರದ ಆರೋ ಏಳೋ ಇರಬೇಕು, ದೊಡ್ಡ ಆರ್ಡರೊಂದು ಸಿಕ್ಕ ಹುಮ್ಮಸ್ಸಿನಲ್ಲಿ ಅವರು ಹಡಗಿನಲ್ಲಿ ಬಂದಿಳಿದ ಹೈಬ್ರಿಡ್ ಎಸ್‌ಯುವಿಯನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಪೆಟ್ರೋಲ್ ಎಂಜಿನ್ನಿನ ಜೊತೆಗೆ ದೊಡ್ಡ ಬ್ಯಾಟರಿಯಿಂದ ಓಡುವ ಮೋಟಾರೂ ಇದ್ದ ಗಾಡಿ. ಇಡೀ ಬೀದಿ ನೋಡಲು ಬಂತು. ಎಂಜಿನ್ ಸದ್ದೇ ಇಲ್ಲದೆ ಅದು ಹಿಂದಕ್ಕೆ ಸರಿದಾಗ ಎದುರು ಮನೆಯ ತಾತ ಬೆಚ್ಚಿ ಕಾಂಪೌಂಡ್ ಗೋಡೆಗೆ ಆತುಕೊಂಡರು. ತೆರಿಗೆಯ ಏನೋ ಲೆಕ್ಕಾಚಾರಕ್ಕೆ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿದ್ದರು. ಕೇಳಿದವರಿಗೆ ಮಾತ್ರ "ನನ್ನ ಗಾಡಿ" ಎನ್ನುತ್ತಿದ್ದರು.

ಒಳಗೆ ಕೆನೆಬಣ್ಣದ ಚರ್ಮದ ಸೀಟುಗಳಿದ್ದವು. ಚೆನ್ನೈನ ಬೆವರು ಮತ್ತು ನಮ್ಮತ್ತೆಯವರ ತಲೆಯ ಎಣ್ಣೆ ಸೇರಿ ಅವು ಕೆಡುತ್ತವೆಂದು ಯಜಮಾನರಿಗೆ ನಿದ್ದೆ ಬರಲಿಲ್ಲ. ಮೌಂಟ್ ರೋಡಿನ ಪಕ್ಕದ ಬೀದಿಯ ಅಂಗಡಿಯಲ್ಲಿ ದಪ್ಪ ರೆಕ್ಸಿನ್ ಕವರ್ ಹೊಲಿಸಿದರು. ಹಿಂದಿನ ಸೀಟಿನದು ಕೆಳಗೆ ನೆಲದ ತನಕ ಲಂಗದ ಹಾಗೆ ಇಳಿಬಿದ್ದಿತ್ತು. ಅದರ ಅಂಚನ್ನು ಸಿಕ್ಕಿಸಿ ಮೇಲೊಂದು ದಪ್ಪ ಮ್ಯಾಟ್ ಹಾಸಿದರು.

ಗಾಡಿ ಓಡಿಸಲು ಬಂದವರು ಐವತ್ತು ದಾಟಿದ ಮನುಷ್ಯ. ಮೊದಲು ಲಾರಿ, ಆಮೇಲೆ ಡಾಕ್ಟರೊಬ್ಬರ ಮನೆ ಕಾರು ಓಡಿಸಿದ್ದವರು. ನಾನು ಅವರನ್ನು ಅಣ್ಣಾ ಎನ್ನುತ್ತಿದ್ದೆ. ನಮ್ಮ ಯಜಮಾನರು "ಡ್ರೈವರ್" ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಬಂದವರೇ ಗಾಡಿಯ ಸುತ್ತ ಒಂದು ಸುತ್ತು ಬಂದು, ಟೈರುಗಳನ್ನು ಅಂಗೈಯಿಂದ ತಟ್ಟಿ, ಆಮೇಲೆ ಬಾಗಿಲು ತೆಗೆಯುತ್ತಿದ್ದರು. ಒಳಗನ್ನು ಒಣಬಟ್ಟೆಯಿಂದ ಮಾತ್ರ ಒರೆಸುತ್ತಿದ್ದರು. "ಇದು ಕರೆಂಟ್ ವಂಡಿ ಅಮ್ಮಾ, ತಣ್ಣಿ ಆಗಾದು," ಎನ್ನುತ್ತಿದ್ದರು. ಕರೆಂಟಿನ ಗಾಡಿಗೆ ನೀರು ತಾಗಬಾರದೆನ್ನುವುದು ಅವರ ಲೆಕ್ಕ.

ಎರಡನೆಯ ವರ್ಷದ ಬೇಸಿಗೆಯಲ್ಲಿ, ಕತ್ತರಿ ಬಿಸಿಲು ಎಂದು ಅಲ್ಲಿನವರು ಕರೆಯುವ ಮೇ ತಿಂಗಳ ಉರಿ ಶುರುವಾಗುವ ಮೊದಲೇ, ಒಂದು ದಿನ ನನ್ನನ್ನು ಆಫೀಸಿಗೆ ಬಿಡುವಾಗ ಅವರು ಎ.ಸಿ.ಯನ್ನು ಪೂರ್ತಿ ತಗ್ಗಿಸಿದರು.

"ಕೇಳಿಸ್ತಾ ಅಮ್ಮಾ? ಹಿಂದಿನ ಸೀಟಿನ ಅಡಿಯಲ್ಲಿ ಒಂದು ಫ್ಯಾನ್ ಇದೆ. ಮೊದಲು ಕೇಳಿಸ್ತಾನೇ ಇರಲಿಲ್ಲ. ಈಗ ಕೂಗ್ತಿದೆ, ಉಸಿರಾಡಕ್ಕೆ ಆಗದವರ ಥರ." ಅವರು ಹೇಳಿದ್ದು ತಮಿಳಿನಲ್ಲಿ. ಆ ಕೊನೆಯ ಮಾತು ನನಗೆ ಹಾಗೆಯೇ ನೆನಪಿದೆ.

ಸಂಜೆ ಯಜಮಾನರಿಗೆ ಹೇಳಿದೆ. ಪೇಪರಿನಿಂದ ಮುಖ ಎತ್ತಲಿಲ್ಲ. "ಅವನಿಗೇನು ತಿಳಿಯತ್ತೆ? ಲಾರಿ ಓಡಿಸ್ದೋನು. ಸರ್ವೀಸಿಗೆ ಇನ್ನೂ ಟೈಮ್ ಇದೆ."

ನಾನೂ ಸುಮ್ಮನಾದೆ. ಅಣ್ಣ ಇನ್ನೆರಡು ಸಲ ಹೇಳಿದರು. ಆಮೇಲೆ ಹೇಳುವುದನ್ನೇ ಬಿಟ್ಟರು.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ, ನಾದಿನಿಯ ಮಗಳ ಮದುವೆಗೆ ಸೀರೆ ತರಲು ಪುರಸೈವಾಕ್ಕಂಗೆ ಹೋಗಿದ್ದೆ. ವಾಪಸು ಹೊರಟಾಗ ಮುಂದಿನ ಫಲಕದಲ್ಲಿ ಕೆಂಪು ದೀಪ ಹತ್ತಿತು. ಅಲ್ಲಿನ ಹೈರೋಡಿನ ನಟ್ಟನಡುವೆ ಗಾಡಿ ನಿಂತೇ ಹೋಯಿತು. ಹಿಂದೆ ಬಸ್ಸುಗಳು ಒಂದೇ ಸಮ ಹಾರನ್ ಬಾರಿಸಿದವು. ಕಂಡಕ್ಟರೊಬ್ಬ ಕಿಟಕಿಯಿಂದ ತಲೆ ಹಾಕಿ, ಅಷ್ಟು ದೊಡ್ಡ ಗಾಡಿ ಇಟ್ಟುಕೊಂಡು ಪೆಟ್ರೋಲ್ ಹಾಕಲು ಗತಿಯಿಲ್ಲವೇ ಎಂದು ನನ್ನನ್ನೇ ಬೈದ. ಅಣ್ಣ ಆ ಬಿಸಿಲಿನಲ್ಲಿ ಇಳಿದು, ಕೈ ಅಡ್ಡ ಹಿಡಿದು, ಎಳೆದೊಯ್ಯುವ ಗಾಡಿ ಬರುವ ತನಕ ಒಂದು ಗಂಟೆ ಟ್ರಾಫಿಕ್ ತಿರುಗಿಸುತ್ತ ನಿಂತರು. ಅಂಗಿ ಒದ್ದೆಯಾಗಿ ಬೆನ್ನಿಗೆ ಅಂಟಿತ್ತು.

ಸೋಮವಾರ ಸರ್ವೀಸ್ ಸೆಂಟರಿಗೆ ಯಜಮಾನರು, ಅಣ್ಣ, ನಾನು ಮೂವರೂ ಹೋದೆವು. ಅಲ್ಲಿನ ಮ್ಯಾನೇಜರ್ ಕಂಪ್ಯೂಟರಿನ ಒಂದು ಹಾಳೆ ಹಿಡಿದು ಬಂದ. ನನ್ನ ಹೆಸರಿನ ಕಾಗದದ ಮೇಲೆ ನನ್ನ ಸಹಿ ಹಾಕಿಸಿಕೊಂಡು, ಮಾತೆಲ್ಲ ಯಜಮಾನರ ಜೊತೆ ಆಡಿದ.

"ಹೈಬ್ರಿಡ್ ಬ್ಯಾಟರಿ ಹೋಗಿದೆ ಸರ್. ಹೊರದೇಶದಿಂದ ತರಿಸ್ಬೇಕು. ನೀರು ಒಳಗೆ ಹೋಗಿರತ್ತೆ. ಈ ಡ್ರೈವರ್‌ಗಳು ಪೈಪ್ ಹಿಡಿದು ಒಳಗೆಲ್ಲ ತೊಳೀತಾರೆ, ಅವರಿಗೇನು ಗೊತ್ತು?"

ಅಣ್ಣ ಎರಡು ಹೆಜ್ಜೆ ಮುಂದೆ ಬಂದರು. "ನಾನು ಒಂದು ತೊಟ್ಟು ನೀರು ಹಾಕಿಲ್ಲ ಸಾರ್. ಆ ಫ್ಯಾನನ್ನ ಒಂದು ಸಲ ನೋಡಿ..."

"ನೀನೇನು ಎಂಜಿನಿಯರಾ?" ಎಂದ ಮ್ಯಾನೇಜರ್. ಪಕ್ಕದಲ್ಲಿ ನಿಂತಿದ್ದವರು ನಕ್ಕರು.

ಯಜಮಾನರು ಕೈ ಚಾಚಿದರು. "ಕೀ ಕೊಡು. ನಾಳೆಯಿಂದ ಬರಬೇಡ."

ಅಣ್ಣ ನನ್ನ ಮುಖ ನೋಡಿದರು. ಅವರು ನೀರು ಮುಟ್ಟಿಸುವವರಲ್ಲ ಎಂದು ನನಗೆ ಗೊತ್ತಿತ್ತು. ಮೂರು ಸಲ ಎಚ್ಚರಿಸಿದ್ದೂ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು, ಬಿಡಲಿಲ್ಲ. ಅಷ್ಟು ಜನರ ಎದುರಿಗೆ ಗಂಡನ ಮಾತಿಗೆ ಎದುರಾಡಬಾರದೆಂಬ ಹಾಳು ಸಂಕೋಚ. ಅಣ್ಣ ಕೀಲಿಯನ್ನು ಯಜಮಾನರ ಕೈಗೆ ಕೊಡದೆ ಬಾನೆಟ್ಟಿನ ಮೇಲಿಟ್ಟು ಹೊರಟುಹೋದರು.

ಗಾಡಿ ಐದು ವಾರ ಅಲ್ಲೇ ನಿಂತಿತು. ಫೋನ್ ಮಾಡಿದಾಗಲೆಲ್ಲ ಬ್ಯಾಟರಿ ಹಡಗಿನಲ್ಲಿದೆ ಎನ್ನುತ್ತಿದ್ದರು. ನನಗೆ ಕೂತರೂ ನಿಂತರೂ ಅಣ್ಣನ ಆ ಮುಖ. ಒಂದು ಭಾನುವಾರ, ಮನೆಯಲ್ಲೇ ಉಳಿದಿದ್ದ ಗಾಡಿಯ ಕೈಪಿಡಿಯನ್ನು ಕಪಾಟಿನಿಂದ ತೆಗೆದು ಓದತೊಡಗಿದೆ. ಪಾಲಿಸಿಗಳ ಸಣ್ಣಕ್ಷರ ಓದಿ ಓದಿ ಪಳಗಿದ ಕಣ್ಣು ನನ್ನದು. ಅರ್ಧ ದಾಟಿದ ಮೇಲೆ ಒಂದು ಚಿತ್ರ ಸಿಕ್ಕಿತು. ಹಿಂದಿನ ಸೀಟಿನ ಕೆಳಗೆ, ಕಾಲಿಡುವ ಜಾಗಕ್ಕೆ ಮುಖ ಮಾಡಿ, ಗಾಳಿಕಿಂಡಿ. ಬ್ಯಾಟರಿ ತಣ್ಣಗಿರಲು ಗಾಳಿ ಹೋಗುವುದು ಇಲ್ಲಿಂದಲೇ. ಸೀಟ್ ಕವರಿನಿಂದಾಗಲಿ ಸಾಮಾನಿನಿಂದಾಗಲಿ ಇದನ್ನು ಮುಚ್ಚಬೇಡಿ, ಬ್ಯಾಟರಿ ಕಾದು ಗಾಡಿ ನಿಲ್ಲಬಹುದು, ಎಂದು ಬರೆದಿತ್ತು. ಓದಿದೆ. ಇನ್ನೊಮ್ಮೆ ಓದಿದೆ.

ಮರುದಿನ ರಜೆ ಹಾಕಿ ಒಬ್ಬಳೇ ಸರ್ವೀಸ್ ಸೆಂಟರಿಗೆ ಹೋದೆ.

"ಸರ್ ಬರಲಿಲ್ವಾ ಮೇಡಂ? ಅವರು ಬಂದ್ರೆ ಮಾತಾಡೋಣ," ಎಂದ ಮ್ಯಾನೇಜರ್.

"ಗಾಡಿ ಯಾರ ಹೆಸರಲ್ಲಿದೆ, ನಿಮ್ಮ ಕಾಗದ ನೋಡಿ. ಆಮೇಲೆ ಒಂದು ಕತ್ತರಿ ತರಿಸಿ."

ಕತ್ತರಿ ಬರಲಿಲ್ಲ. ಅಲ್ಲಿದ್ದ ನರೆತ ಮೆಕ್ಯಾನಿಕ್ ಒಬ್ಬರು ಜೇಬಿನಿಂದ ಬ್ಲೇಡ್ ತೆಗೆದುಕೊಟ್ಟರು. ಮ್ಯಾಟ್ ಎಳೆದು ಬಿಸಾಕಿ, ಗಾಡಿಯೊಳಗೆ ಮಂಡಿಯೂರಿ ಆ ರೆಕ್ಸಿನ್ ಲಂಗವನ್ನು ಈ ತುದಿಯಿಂದ ಆ ತುದಿಗೆ ಸೀಳಿದೆ. ಕಿಂಡಿ ಕಾಣಿಸಿತು. ಜಾಲರಿಯ ತುಂಬ ಮ್ಯಾಟಿನ ನೂಲು, ಧೂಳು, ಕೂದಲು ಕಂಬಳಿಯ ಹಾಗೆ ಮೆತ್ತಿಕೊಂಡಿತ್ತು. ಮೆಕ್ಯಾನಿಕ್ ಸೀಟು ಬಿಚ್ಚಿ ಫ್ಯಾನ್ ಹೊರತೆಗೆದರು. ಅದೂ ಹಾಗೆಯೇ. ನೀರಿನ ಕಲೆ ಎಲ್ಲೂ ಇರಲಿಲ್ಲ. ಐದು ವಾರದಲ್ಲಿ ಒಬ್ಬರೂ ಆ ಸೀಟನ್ನು ಎತ್ತಿ ನೋಡಿರಲಿಲ್ಲ!

ಸಂಜೆ ಹೊತ್ತಿಗೆ ಎಲ್ಲ ಶುಚಿ ಮಾಡಿ, ಕಂಪ್ಯೂಟರ್ ಜೋಡಿಸಿ ಕೆಂಪು ದೀಪ ಆರಿಸಿದರು. ಗಾಡಿ ಹೊರಟಿತು. ಬ್ಯಾಟರಿಗೆ ಏನೂ ಆಗಿರಲಿಲ್ಲ.

"ನಿಮ್ಮ ಅದೃಷ್ಟ ಮೇಡಂ," ಎಂದು ಮ್ಯಾನೇಜರ್ ಹಲ್ಲು ಕಿರಿದ.

ನಾನು ಆವತ್ತು ಕೂಗಿದಷ್ಟು ಜೀವಮಾನದಲ್ಲಿ ಕೂಗಿಲ್ಲ. ಕನ್ನಡ, ತಮಿಳು, ಇಂಗ್ಲಿಷ್ ಎಲ್ಲ ಕಲಸಿ ಬಂತು. "ಯಾವ ಆಧಾರದ ಮೇಲೆ ಆ ಮನುಷ್ಯನ ತಲೆಗೆ ಕಟ್ಟಿದ್ರಿ? ನೀರು ಅಂದ್ರಲ್ಲ, ಎಲ್ಲಿದೆ ನೀರು, ತೋರಿಸಿ!" ಡ್ರೈವರ್‌ನಿಂದ ಏನೂ ತಪ್ಪಾಗಿಲ್ಲ ಎಂದು ಬರೆದು ಸಹಿ ಹಾಕಿ ಕೊಡುವ ತನಕ ಅವನ ಕುರ್ಚಿಯಲ್ಲೇ ಕೂತೆ. ಅವನು ನಿಂತೇ ಬರೆದ.

ಮನೆಗೆ ಬಂದು ಯಜಮಾನರಿಗೆ ಆ ಕಾಗದ ತೋರಿಸಿದೆ. ಓದಿ ಮಡಿಸಿದರು. "ಹೂಂ, ಗಾಡಿ ಸರಿಯಾಯ್ತಲ್ಲ. ಬಿಡು."

"ಬಿಡೋದಾ? ಕವರ್ ಹಾಕಿಸಿದ್ದು ನೀವು. ಅವರ ಮನೆಗೆ ಬನ್ನಿ, ತಪ್ಪಾಯ್ತು ಅಂತ ಹೇಳಿ."

"ಡ್ರೈವರ್ ಮನೆಗಾ? ಬೇಕಾದ್ರೆ ಅವನೇ ಬರ್ಲಿ, ಕೆಲಸ ಕೊಡೋಣ."

ನಾನೇ ಹೋದೆ. ಅಯನಾವರದ ಕಿರುಬೀದಿಯಲ್ಲಿ ಎರಡು ಕೋಣೆಯ ಮನೆ. ಅಣ್ಣ ಬಾಗಿಲಲ್ಲೇ ನಿಂತು ಕಾಗದವನ್ನು ನಿಧಾನವಾಗಿ ಓದಿದರು. ಅವರ ಹೆಂಡತಿ ಸ್ಟೂಲ್ ತಂದಿಟ್ಟರು, ನೀರು ಕೊಟ್ಟರು. ಆ ಐದು ವಾರದಲ್ಲಿ ಕೆಲಸ ಕೇಳಿ ಹೋದ ಎರಡು ಮನೆಯವರು, ದೊಡ್ಡ ಗಾಡಿ ಕೆಡಿಸಿದವನೆಂದು ಅವರನ್ನು ವಾಪಸು ಕಳಿಸಿದ್ದರಂತೆ. ನಾನು ಕ್ಷಮೆ ಕೇಳಿದೆ. ಮತ್ತೆ ಬನ್ನಿ ಎಂದೆ.

"ಸಾರ್ ಮೇಲೆ ನನಗೆ ಕೋಪ ಇಲ್ಲಮ್ಮಾ," ಎಂದರು. "ಅವರಿಗೆ ನಾನು ಯಾರು ಅಂತ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನೀವು ಅಲ್ಲೇ ನಿಂತಿದ್ರಿ."

ಅವರು ಮತ್ತೆ ಕೆಲಸಕ್ಕೆ ಬರಲು ಒಪ್ಪಲಿಲ್ಲ. ನನ್ನಿಂದಲೂ ಒಂದು ಕಾಗದ ಬೇಕೆಂದು ಕೇಳಿದರು. ಗಾಡಿಯ ಮಾಲೀಕಳು ಎಂದು ಬರೆದು, ಅವರ ಎಚ್ಚರಿಕೆಯನ್ನು ಮೂರು ಸಲ ಕಡೆಗಣಿಸಿದ್ದು ನಾವೇ ಎಂಬುದನ್ನೂ ಸೇರಿಸಿ, ಆ ಸ್ಟೂಲಿನ ಮೇಲೆ ಕೂತೇ ಸಹಿ ಮಾಡಿದೆ. ಅದನ್ನು ತೋರಿಸಿ ಅವರು ಆಸ್ಪತ್ರೆಯೊಂದರ ಆಂಬುಲೆನ್ಸ್ ಓಡಿಸುವ ಕೆಲಸಕ್ಕೆ ಸೇರಿದರೆಂದು ಆಮೇಲೆ ತಿಳಿಯಿತು.

ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ. ಎರಡು ವರ್ಷ ಆ ಗಾಡಿಯನ್ನು ನಾನೇ ಓಡಿಸಿದೆ, ಆ ಜಾಲರಿಯನ್ನು ತಿಂಗಳಿಗೊಮ್ಮೆ ಬ್ರಷ್ಷಿನಿಂದ ಉಜ್ಜಿದೆ. ಆಮೇಲೆ ಯಜಮಾನರಿಗೆ ಬೇರೆ ಗಾಡಿಯ ಮೋಹ ಹತ್ತಿ ಇದನ್ನು ಮಾರಿದರು.

ಕೆಲವು ವರ್ಷದ ಮೇಲೆ ಟಿ. ನಗರದ ಛತ್ರವೊಂದರಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಹೈಬ್ರಿಡ್ ಕಾರಿನ ಮಾತೆತ್ತಿದರು. ನಮ್ಮ ಯಜಮಾನರು ಅನ್ನಕ್ಕೆ ಸಾರು ಕಲಸುತ್ತ, "ನಮ್ಮದೂ ಒಂದಿತ್ತು. ಡ್ರೈವರ್ ಒಬ್ಬ ನೀರು ಸುರಿದು ಕೆಡಿಸಿಬಿಟ್ಟ," ಎಂದರು.

ನಾನು ಎಲೆಯಿಂದ ಕೈ ತೆಗೆದೆ. "ಸುಳ್ಳು," ಎಂದೆ, ಇಡೀ ಸಾಲಿಗೆ ಕೇಳುವ ಹಾಗೆ. "ಅದನ್ನ ಕೆಡಿಸಿದ್ದು ನಾವು." ಬಡಿಸುವವರು ಪಾಯಸದ ಪಾತ್ರೆ ಹಿಡಿದುಕೊಂಡು ನಿಂತೇಬಿಟ್ಟರು. ನಾದಿನಿ ನನ್ನ ಸೆರಗು ಜಗ್ಗಿದಳು. ನಾನು ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನೆಲ್ಲ ಹೇಳಿಯೇ ಎದ್ದೆ.